ಪಕ್ಕದ ಮನೆಯ ಕೋಳಿ, ನಮ್ಮ ಮನೆಯ ಹರಿವೆ

ಕಾರವಾರದಿಂದ ಅಂಕೋಲೆಯವರೆಗಿನ ಊರುಗಳಲ್ಲಿ ಬೆಳೆದವರಿಗೆ ಬೇಲಿಯ ತಕರಾರು ಹೊಸದಲ್ಲ. ಗಡಿಕಲ್ಲು ಸರಿದದ್ದು, ಮಾವಿನ ಕೊಂಬೆ ಆಚೆ ಮನೆಯ ಹಂಚಿನ ಮೇಲೆ ಚಾಚಿದ್ದು, ಮಳೆನೀರಿನ ಕಾಲುವೆ ತಿರುಗಿಸಿದ್ದು, ಇವೆಲ್ಲ ಪಂಚಾಯಿತಿಗೆ ಹೋಗಿವೆ, ಕೋರ್ಟಿನ ಮೆಟ್ಟಿಲನ್ನೂ ಹತ್ತಿವೆ. ಕೋಳಿಯ ತಕರಾರಿಗೆ ಮಾತ್ರ ಅಂಥ ಘನತೆ ಸಿಕ್ಕಿದ್ದಿಲ್ಲ. ಅದು ಬೆಳಿಗ್ಗೆ ಬೇಲಿಯ ಬುಡದಲ್ಲಿ ಹುಟ್ಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎರಡು ಮನೆಯವರು ಒಂದೇ ಬಾವಿಗೆ ಬೇರೆ ಬೇರೆ ಹೊತ್ತು ನೋಡಿ ನೀರಿಗೆ ಹೋಗುವಂತೆ ಮಾಡುತ್ತಿತ್ತು. ಆಮೇಲೆ ಹಬ್ಬವೋ ಸಾವೋ ಬಂದು ಮಾತಾಡಿಸುವ ತನಕ ಹಾಗೇ ಇರುತ್ತಿತ್ತು. ಆದರೂ ಹಿಂತಿರುಗಿ ನೋಡಿದರೆ ನನಗೆ ಸೋಜಿಗ ಅನಿಸುವುದು ಅಂಥ ಜಗಳ ಎಷ್ಟು ಕಡಿಮೆ ಇತ್ತು ಎಂಬುದು. ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಕೋಳಿ, ಎಲ್ಲ ಹಿತ್ತಿಲಲ್ಲೂ ತರಕಾರಿ, ಬೇಲಿಯೋ ನಾಯಿ ನುಸುಳುವಷ್ಟು ಸಡಿಲ. ಹರಿವೆಯೂ ಬೆಳೆಯಿತು, ಹೇಂಟೆಯೂ ಮೊಟ್ಟೆಯಿಟ್ಟಿತು. ಈಗ ಬೇಲಿ ಹೋಗಿ ಕಾಂಪೌಂಡು ಬಂದಿದೆ, ಕೋಳಿಗಳ ಸಂಖ್ಯೆ ಇಳಿದಿದೆ, ತಕರಾರು ಮಾತ್ರ ಏರಿದೆ. ಇದಕ್ಕೆ ನನಗೆ ತೋಚುವ ಕಾರಣ ಒಂದೇ. ಹಿಂದಿನವರು ಇದನ್ನು ಜಾಗದ ಪ್ರಶ್ನೆಯೆಂದು ತಿಳಿಯದೆ ದಿನಗಳ ಪ್ರಶ್ನೆಯೆಂದು ತಿಳಿದಿದ್ದರು. ಕೋಳಿ ಎಲ್ಲಿರಬೇಕು ಎಂಬುದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ; ಯಾವಾಗ ಗೂಡಿನಲ್ಲಿರಬೇಕು ಎಂಬುದರ ಬಗ್ಗೆ ಒಂದು ಒಪ್ಪಂದವಿತ್ತು. ಆ ಲೆಕ್ಕವೇ ಇವತ್ತಿಗೂ ಸರಿ ಎಂಬುದು ನನ್ನ ವಾದ.

ಈ ತಕರಾರಿನ ಎರಡೂ ಕಡೆ ಯಾರಿದ್ದಾರೆ ಎಂದು ಮೊದಲು ನೋಡಬೇಕು. ಅಂಕೋಲೆ ಪೇಟೆಗೆ ಬೆಳಿಗ್ಗೆ ಬುಟ್ಟಿ ಹೊತ್ತು ಬರುವವರಲ್ಲಿ ಹಾಲಕ್ಕಿ ಒಕ್ಕಲಿಗರ ಹೆಂಗಸರೇ ಹೆಚ್ಚು. ಹರಿವೆ, ಬಸಳೆ, ಬದನೆ, ಬೆಂಡೆ, ಅಲಸಂದೆ, ಮಗೆಕಾಯಿ, ಗೆಣಸು ಎಲ್ಲ ಅವರೇ ಅಗೆದು, ಗೊಬ್ಬರ ಹೊತ್ತು, ನೀರು ಹೊಯ್ದು ಬೆಳೆದದ್ದು. ಮಳೆಗಾಲದ ಭತ್ತ ಕೊಯ್ದ ಮೇಲೆ ಗದ್ದೆಯ ಮೂಲೆಯಲ್ಲಿ, ಮಿಕ್ಕ ಕಾಲದಲ್ಲಿ ಹಿತ್ತಿಲಿನಲ್ಲಿ ಅವರ ತರಕಾರಿ ಮಡಿಗಳಿರುತ್ತವೆ. ಸೊಪ್ಪು ಮಾರಿದ ದುಡ್ಡು ಮಾರಿದವಳ ಸೆರಗಿನ ಗಂಟಿನಲ್ಲೇ ಉಳಿಯುತ್ತದೆ. ಕೋಳಿಯ ದುಡ್ಡೂ ಹಾಗೆಯೇ. ಮಗುವಿನ ಪಟ್ಟಿಪುಸ್ತಕಕ್ಕೆ ನಾಲ್ಕು ಮೊಟ್ಟೆ, ತವರಿಗೆ ಹೋಗುವ ಬಸ್ ಚಾರ್ಜಿಗೆ ಒಂದು ಹುಂಜ ಎಂಬ ಲೆಕ್ಕವನ್ನು ಗಂಡಸರು ಕೇಳುವುದೂ ಇಲ್ಲ, ಅವರಿಗೆ ಹೇಳುವುದೂ ಇಲ್ಲ. ಹೀಗಾಗಿ ಬೇಲಿಯ ಈಚೆಗೂ ಆಚೆಗೂ ಇರುವುದು ಹೆಂಗಸರ ಎರಡು ಸಣ್ಣ ದುಡಿಮೆಗಳು. ಒಂದು ಉಳಿಯಬೇಕಾದರೆ ಇನ್ನೊಂದು ನಿಲ್ಲಬೇಕು ಎನ್ನುವ ಯಾವ ಪರಿಹಾರವೂ ಇಲ್ಲಿ ಪರಿಹಾರವಾಗಲಾರದು. ಇದರ ಜೊತೆಗೆ ಜಟಗನಿಗೋ ಮಾಸ್ತಿಗೋ ಹರಕೆ ಹೇಳಿಕೊಂಡು ಬಿಟ್ಟ ಹುಂಜವೂ ಆ ಗುಂಪಿನಲ್ಲಿ ಇರಬಹುದು. ಕಾಲಿಗೆ ಕಟ್ಟಿದ ಬಣ್ಣದ ಚಿಂದಿ ಯಾರ ಮನೆಯದೆಂದು ಹೇಳುತ್ತದೆ, ಯಾವ ದೇವರದೆಂದು ಹೇಳುವುದಿಲ್ಲ. ಕಲ್ಲು ಎತ್ತಿದ ಕೈ ಎಷ್ಟೋ ಸಲ ಆ ಒಂದು ಅನುಮಾನಕ್ಕೇ ಕೆಳಗಿಳಿದಿದೆ.

ಕೋಳಿ ಮಡಿಗೆ ಯಾಕೆ ಬರುತ್ತದೆ ಎನ್ನುವುದನ್ನು ಬಯ್ಯುವವರು ಯೋಚಿಸುವುದು ಕಡಿಮೆ. ಹಸಿವೆಗೆ ಸೊಪ್ಪು ತಿನ್ನಲು ಬರುತ್ತದೆಂದು ನಂಬಿದವರೇ ಹೆಚ್ಚು. ತಿನ್ನುವುದೂ ಉಂಟು, ಎಳೆ ಹರಿವೆಯ ತುದಿ, ಬಸಳೆಯ ಚಿಗುರು ಕೋಳಿಗೆ ಇಷ್ಟವೇ. ಆದರೆ ಮಡಿ ಹಾಳಾಗುವುದು ಕೊಕ್ಕಿನಿಂದ ಕಡಿಮೆ, ಕಾಲಿನಿಂದ ಹೆಚ್ಚು. ಸ್ವಲ್ಪ ಹೊತ್ತು ನಿಂತು ನೋಡಿದರೆ ಗೊತ್ತಾಗುತ್ತದೆ: ಹೇಂಟೆ ಎಡಗಾಲಿನಿಂದ ಒಮ್ಮೆ, ಬಲಗಾಲಿನಿಂದ ಒಮ್ಮೆ ಮಣ್ಣನ್ನು ಹಿಂದಕ್ಕೆ ಎಳೆದು ಎಸೆಯುತ್ತದೆ, ತಕ್ಷಣ ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ, ತೆರೆದ ಜಾಗವನ್ನು ಒಂದೇ ಕಣ್ಣಿನಿಂದ ಪರೀಕ್ಷಿಸುತ್ತದೆ. ಹುಳು ಕಂಡರೆ ಕುಕ್ಕುತ್ತದೆ, ಕಾಣದಿದ್ದರೆ ಮತ್ತೆ ಎರಡು ಬಾರಿ ಕೆದರುತ್ತದೆ. ಈ ಕೆಲಸಕ್ಕೆ ಅದಕ್ಕೆ ಬೇಕಾದದ್ದು ಸಡಿಲವಾದ, ತೇವವಾದ, ಗೊಬ್ಬರ ಬೆರೆತ ಮಣ್ಣು. ಒಳ್ಳೆಯ ತರಕಾರಿ ಮಡಿಗೆ ಬೇಕಾದದ್ದೂ ಅದೇ. ಅಂದರೆ ಹಟ್ಟಿಗೊಬ್ಬರ ಹಾಕಿ, ಮಣ್ಣು ಪುಡಿ ಮಾಡಿ, ಸಂಜೆ ನೀರು ಚಿಮುಕಿಸಿ ಹದ ಮಾಡುವಾಗ ನಾವು ಹರಿವೆಗೆ ಎಷ್ಟು ಹಾಸಿಗೆ ಹಾಸುತ್ತೇವೋ ಕೋಳಿಗೂ ಅಷ್ಟೇ ಎಲೆ ಹಾಕುತ್ತಿರುತ್ತೇವೆ. ಮರಿ ಕಟ್ಟಿಕೊಂಡ ಹೇಂಟೆಯಂತೂ ಎಲ್ಲಕ್ಕಿಂತ ಹೆಚ್ಚು ಕೆದರುತ್ತದೆ, ಯಾಕೆಂದರೆ ಆಗ ಅದು ಕೆದರುವುದು ಮರಿಗಳಿಗೆ ತೋರಿಸಿಕೊಡಲಿಕ್ಕೆ. ಘಟ್ಟದ ಕಾಡಿನ ಕಾಡುಕೋಳಿ ಒಣಗಿದ ಎಲೆಗಳಡಿ ಮಾಡುವುದೂ ಇದನ್ನೇ. ಸಾವಿರಾರು ವರ್ಷ ಮನುಷ್ಯರ ಜೊತೆಯಿದ್ದರೂ ಕೋಳಿ ಬಿಡದ ಈ ಗುಣವನ್ನು ನಾವು ಒಂದು ಚಳಿಗಾಲದಲ್ಲಿ ಬೈದು ಬಿಡಿಸುತ್ತೇವೆಂದು ಹೊರಡುವುದರಲ್ಲಿ ಅರ್ಥವಿಲ್ಲ.

ಇನ್ನು ಮಡಿಯ ಕಡೆಯಿಂದ ನೋಡೋಣ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಮರಳಿನ ಜೊತೆ ಬೆರೆಸಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ನಾಲ್ಕೈದು ದಿನಕ್ಕೆ ಕೆಂಪಗೆ ಏಳುತ್ತದೆ. 25-30 ದಿನಕ್ಕೆ ಬೇರುಸಮೇತ ಕೀಳಲು ಬರುತ್ತದೆ. ಇದರಲ್ಲಿ ಮೊದಲ ಎರಡು ವಾರ ಮಾತ್ರ ಕೋಳಿಯ ಕಾಲು ಅದಕ್ಕೆ ಪ್ರಾಣಾಂತಿಕ. ಬೇರು ಬೆರಳುದ್ದ ಇಳಿದು ಗಿಡ ಒತ್ತಾದ ಮೇಲೆ ಹೇಂಟೆಗೆ ಅಲ್ಲಿ ಕಾಲೂರಿ ಕೆದರಲು ಜಾಗ ಸಿಗುವುದಿಲ್ಲ. ಅಂಚಿನ ನಾಲ್ಕು ಗಿಡ ಹೋಗಬಹುದು, ಮಡಿ ಹೋಗುವುದಿಲ್ಲ. ಬದನೆ, ಮೆಣಸಿನ ಸಸಿಮಡಿಗೆ ನಾಲ್ಕೈದು ವಾರ, ಕಿತ್ತು ನೆಟ್ಟ ಮೇಲೆ ಬುಡ ಹಿಡಿಯುವ ತನಕ ಇನ್ನೊಂದು ವಾರ ಕಾಯಬೇಕು. ಮಗೆ, ಸೌತೆ, ಹೀರೆ ಗುಳಿಯಲ್ಲಿ ಹಾಕುವಂಥವು. ಬಳ್ಳಿ ಚಪ್ಪರದ ಕೋಲು ಹಿಡಿಯುವ ತನಕ ಭಯ, ಆಮೇಲೆ ಇಲ್ಲ. ಬಸಳೆಯ ದಂಟು ನೆಟ್ಟ ಮೇಲೆ ಚಪ್ಪರ ಮುಟ್ಟುವವರೆಗೂ ಅಷ್ಟೇ. ಇಡೀ ವರ್ಷ ಲೆಕ್ಕ ಹಾಕಿದರೆ ಒಂದು ಸಾಧಾರಣ ಹಿತ್ತಿಲಿಗೆ ಕೋಳಿಯಿಂದ ನಿಜವಾದ ಅಪಾಯ ಇರುವುದು ಮಳೆಗಾಲದ ಮೊದಲು ಕೆಲವು ವಾರ, ಭತ್ತ ಕೊಯ್ದ ಮೇಲೆ ಕೆಲವು ವಾರ. ಉಳಿದ ತಿಂಗಳುಗಳಲ್ಲಿ ಹಾಕಿದ ಕೂಗು ಹೆಚ್ಚಿನ ಪಾಲು ಹಳೆಯ ಸಿಟ್ಟಿನದು.

ಹಿಂದಿನ ಪದ್ಧತಿ ನಿಂತಿದ್ದು ಈ ತಿಳಿವಳಿಕೆಯ ಮೇಲೆ. ಬೀಜ ಹಾಕುವ ಹಿಂದಿನ ದಿನ ಬೇಲಿಯಾಚೆ ಒಂದು ಮಾತು ಹೋಗುತ್ತಿತ್ತು: "ಅಕ್ಕಾ, ನಾಳೆ ಹರಿವೆ ಬೀಜ ಹಾಕ್ತೆ, ಒಂದೆಂಟ್ ದಿನ ಕೋಳಿ ಕೂಡ್ ಹಾಕೇ." ಅದು ಅಪ್ಪಣೆಯೂ ಆಗಿರಲಿಲ್ಲ, ಬೇಡಿಕೆಯೂ ಆಗಿರಲಿಲ್ಲ, ಊರಿಗೆ ಸಾರಿದ ಹಾಗೆ ಒಂದು ಸುದ್ದಿ. ಆ ಸುದ್ದಿ ಮುಟ್ಟಿದ ಮೇಲೆ ಕೋಳಿಯ ಮನೆಯವಳಿಗೆ ಒಂದು ಹೊಣೆ ಬಂತು: ಬೆಳಿಗ್ಗೆ ಗೂಡಿನ ಬಾಗಿಲು ತಡವಾಗಿ ತೆಗೆಯುವುದು, ಮರಿಯ ತಾಯಿಯನ್ನು ಬುಟ್ಟಿಯಡಿ ಮುಚ್ಚಿಡುವುದು. ಬೀಜ ಹಾಕಿದವಳಿಗೂ ಒಂದು ಹೊಣೆ: ಮಡಿಯ ಮೇಲೆ ತೆಂಗಿನ ಮಡಲು ಹರವುವುದು, ಮೊಳಕೆ ಎದ್ದ ಮೇಲೆ ಮಡಲು ತೆಗೆದು ಬಿದಿರ ಮುಳ್ಳೋ ಕಾರೆ ಮುಳ್ಳೋ ಅಡ್ಡ ಹಾಕುವುದು. ಸುದ್ದಿ ಕೊಡದೆ ಬಿತ್ತಿದವಳು ಕೋಳಿಯನ್ನು ಬಯ್ಯುವ ಹಾಗಿಲ್ಲ, ಸುದ್ದಿ ಮುಟ್ಟಿಯೂ ಕೋಳಿ ಬಿಟ್ಟವಳು ಬೈಸಿಕೊಳ್ಳದೆ ಇರುವ ಹಾಗಿಲ್ಲ. ಇದರಲ್ಲಿ ಜಾಣತನದ ಒಂದು ಸಣ್ಣ ಲೆಕ್ಕಕ್ಕೂ ಎಡೆಯುಂಟು. ಮೊಟ್ಟೆ ಒಡೆದು ಮರಿಯಾಗಲು 21 ದಿನ ಬೇಕು. ಕಾವಿಗೆ ಕೂತ ಹೇಂಟೆ ದಿನಕ್ಕೆ ಒಂದು ಬಾರಿ ಮೇವಿಗೆ ಎದ್ದರೆ ಹೆಚ್ಚು. ಪಕ್ಕದವಳು ಬಿತ್ತುವ ವಾರವೇ ಕಾವಿಗೆ ಇಟ್ಟರೆ ಅತಿ ಹೆಚ್ಚು ಕೆದರುವ ಕೋಳಿ ಹರಿವೆಯ ಗಂಡಾಂತರದ ದಿನಗಳಷ್ಟೂ ಗೂಡಿನಲ್ಲೇ ಇರುತ್ತದೆ, ಮರಿ ಹೊರಗೆ ಬರುವಷ್ಟರಲ್ಲಿ ಹರಿವೆ ಪೇಟೆಗೆ ಹೊರಟಿರುತ್ತದೆ.

ಸರ್ಕಾರದ ಕಾನೂನು ಏನನ್ನುತ್ತದೆ ಎಂದು ಕೇಳುವವರಿದ್ದಾರೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದಾಗಿ ಒಂಬತ್ತು ವರ್ಷಕ್ಕೆ, 1871ರಲ್ಲಿ, ಬ್ರಿಟಿಷ್ ಸರ್ಕಾರ ಜಾನುವಾರು ಅತಿಕ್ರಮಣ ಕಾಯಿದೆ ಮಾಡಿತು. ಬೆಳೆಗೆ ನುಗ್ಗಿದ ದನವನ್ನು ಹಿಡಿದು 24 ಗಂಟೆಯೊಳಗೆ ದೊಡ್ಡಿಗೆ ಹೊಡೆಯಬಹುದು, ಒಡೆಯ ದಂಡ ಕೊಟ್ಟು ಬಿಡಿಸಿಕೊಳ್ಳಬೇಕು. ಆ ಕಾಯಿದೆ ಜಾನುವಾರು ಎಂದರೆ ಯಾವುದೆಲ್ಲ ಎಂದು ಪಟ್ಟಿ ಮಾಡಿದೆ: ಆನೆ, ಒಂಟೆ, ಎಮ್ಮೆ, ಕುದುರೆ, ಕತ್ತೆ, ಹಂದಿ, ಕುರಿ, ಆಡು, ಆಡಿನ ಮರಿ ಕೂಡ. ಅಂಕೋಲೆಯ ಗದ್ದೆಗೆ ಒಂಟೆ ನುಗ್ಗಿದ್ದನ್ನು ಕಂಡವರಿಲ್ಲ, ಆದರೂ ಅದಕ್ಕೆ ಕಾನೂನುಂಟು. ದಿನಾ ನುಗ್ಗುವ ಕೋಳಿಗೆ ಇಲ್ಲ. ಸರಿಯಾಗಿ ನೂರು ವರ್ಷದ ಮೇಲೆ, 1971ರಲ್ಲಿ, ಇಂಗ್ಲೆಂಡಿನವರು ತಮ್ಮ ದೇಶಕ್ಕೆ ಪ್ರಾಣಿಗಳ ಕಾಯಿದೆ ಮಾಡಿಕೊಂಡಾಗ ಕೋಳಿ, ಬಾತು, ಟರ್ಕಿ, ಪಾರಿವಾಳಗಳನ್ನೂ ಸೇರಿಸಿ, ಪಕ್ಕದವರ ನೆಲದಲ್ಲಿ ಅವು ಮಾಡಿದ ಹಾನಿಗೆ ಒಡೆಯನೇ ಹೊಣೆ ಎಂದು ಬರೆದರು. ಅಮೆರಿಕದ ಪಶ್ಚಿಮದ ಹಲವು ರಾಜ್ಯಗಳಲ್ಲಿ ದನದ ವಿಷಯದಲ್ಲಿ ಇದಕ್ಕೆ ತಿರುಗಾಮುರುಗಾ: ಬೆಳೆ ಬೇಕಾದವನೇ ಬೇಲಿ ಹಾಕಿಕೊಳ್ಳಬೇಕು. ನಮ್ಮ ಕಾನೂನಿನಲ್ಲಿ ಇನ್ನೊಂದು ತಮಾಷೆಯೂ ಉಂಟು. 1860ರ ದಂಡ ಸಂಹಿತೆಯ 428ನೇ ಕಲಮು ಹತ್ತು ರೂಪಾಯಿ ಅಥವಾ ಹೆಚ್ಚು ಬೆಲೆಯ ಪ್ರಾಣಿಯನ್ನು ಕೊಂದರೆ ಶಿಕ್ಷೆ ಎಂದಿತ್ತು. ಆಗಿನ ಆಣೆ ಲೆಕ್ಕದ ಕೋಳಿಗೆ ಆ ರಕ್ಷಣೆ ಇರಲಿಲ್ಲ. ಯಾರೂ ತಿದ್ದುಪಡಿ ಮಾಡದೆ, ಬರೀ ಬೆಲೆಯೇರಿಕೆಯಿಂದ ಕೋಳಿ ಕಾನೂನಿನೊಳಗೆ ಬಂತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಬೆಲೆಯ ಮಿತಿಯೇ ಇಲ್ಲ, ಶಿಕ್ಷೆ ಐದು ವರ್ಷದವರೆಗೂ ಹೋಗಬಹುದು. ಹಾಗಾಗಿ ಸಿಟ್ಟಿಗೆ ಇಲಿಪಾಷಾಣ ಬೆರೆಸಿದ ಅಕ್ಕಿ ಚೆಲ್ಲುವವರು ತಿಳಿದಿರಬೇಕು: ಮಡಿ ಕಳೆದುಕೊಂಡವರಿಗಿಂತ ಕೋಳಿ ಕಳೆದುಕೊಂಡವರ ದೂರು ಗಟ್ಟಿ. ಆ ಅಕ್ಕಿಗೆ ಕಾಗೆ, ನಾಯಿ, ಗರುಡ ಸಾಯುವುದು ಬೇರೆ ಮಾತು.

ಕಾನೂನು ಬಿಟ್ಟು ಉಪಾಯಕ್ಕೆ ಬಂದರೆ ಅಲ್ಲೂ ಸುಳ್ಳು ನಂಬಿಕೆಗಳೇ ಹೆಚ್ಚು. ಬೆರ್ಚಪ್ಪನಿಗೆ ಕೋಳಿ ಹೆದರುವುದು ಒಂದೆರಡು ದಿನ. ಮನುಷ್ಯರ ಕಾಲಬುಡದಲ್ಲೇ ಬೆಳೆದ ಹಕ್ಕಿ ಅಲುಗದ ಮನುಷ್ಯನಿಗೆ ಹೆದರುವುದಾದರೂ ಯಾಕೆ? ಮೆಣಸಿನ ಪುಡಿ ಚೆಲ್ಲುವುದು ದುಡ್ಡು ಚೆಲ್ಲಿದ ಹಾಗೆ. ಮೆಣಸಿನ ಖಾರ ನಮಗೂ ಮಂಗನಿಗೂ ಇಲಿಗೂ ಉರಿಯುತ್ತದೆ, ಹಕ್ಕಿಗಳಿಗೆ ಆ ಉರಿ ತಾಗುವುದೇ ಇಲ್ಲ. ಗಾಂಧಾರಿ ಮೆಣಸಿನ ಬೀಜವನ್ನು ಊರೆಲ್ಲ ಬಿತ್ತುವುದು ಹಕ್ಕಿಗಳೇ ಎಂಬುದು ಎಲ್ಲರಿಗೂ ಗೊತ್ತಿದ್ದೂ ಪುಡಿ ಚೆಲ್ಲುತ್ತೇವೆ. ಬೇಲಿಯ ಎತ್ತರವೂ ಅಷ್ಟೊಂದು ಮುಖ್ಯವಲ್ಲ. ಊರ ಕೋಳಿ ಮೈ ಹಗುರ, ಐದಾರು ಅಡಿ ಹಾರುತ್ತದೆ. ಆದರೆ ಅದು ಒಂದೇ ಏಟಿಗೆ ಬೇಲಿ ದಾಟುವುದು ಕಡಿಮೆ. ಮೊದಲು ಮೇಲಿನ ಗಳುವಿನ ಮೇಲೆ ಕೂತು, ಆಚೀಚೆ ನೋಡಿ, ಆಮೇಲೆ ಒಳಗೆ ಧುಮುಕುತ್ತದೆ. ಮೇಲೆ ದಪ್ಪ ಬಿದಿರ ಗಳು ಕಟ್ಟಿ ಬೇಲಿ ಭದ್ರ ಮಾಡಿದವರು ಕೋಳಿಗೆ ಕೂರಲು ಮಣೆ ಇಟ್ಟಿರುತ್ತಾರೆ. ಅದರ ಬದಲು ಮೇಲಂಚು ಜೋಲುವಂತೆ ಬಲೆ ಕಟ್ಟಿದರೆ ಕೂರಲು ಆಸರೆ ಸಿಗದೆ ಹಕ್ಕಿ ಹಿಂದೆ ಸರಿಯುತ್ತದೆ. ನಮ್ಮ ಕರಾವಳಿಯಲ್ಲಿ ಬಲೆಗೆ ಬರವಿಲ್ಲ. ಬೈತಖೋಲ, ಬೇಲೇಕೇರಿ ಕಡೆ ಮೀನುಗಾರರು ಹರಿದು ಬಿಟ್ಟ ನೈಲಾನ್ ಬಲೆ ಎಷ್ಟೋ ಹಿತ್ತಿಲಿಗೆ ಬೇಲಿಯಾಗಿದೆ. ಇದಕ್ಕೂ ಒಂದು ಕೆಡುಕುಂಟು. ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ನೆಲಕ್ಕೆ ತಾಗುವಂತೆ ಬಿಟ್ಟರೆ ಕೇರೆಹಾವು ಸಿಕ್ಕಿಕೊಂಡು ಸಾಯುತ್ತದೆ. ಕೋಳಿಯಿಂದ ಹರಿವೆ ಉಳಿಸಲು ಹೋಗಿ ಇಲಿಯಿಂದ ಗೆಣಸು ಕಾಯುವ ಕಾವಲುಗಾರನನ್ನು ಕಳೆದುಕೊಂಡಂತೆ. ಕೆಳಗಿನ ಒಂದು ಗೇಣು ಮಡಲಿನ ತಟ್ಟಿ, ಅದರ ಮೇಲೆ ಬಲೆ ಎಂಬ ಏರ್ಪಾಡು ಇದಕ್ಕೆಲ್ಲ ಉತ್ತರ. ಮಡಿಯ ಮೇಲೇ ಬಿದಿರ ಸೀಳು ಬಗ್ಗಿಸಿ ಬಲೆ ಹೊದಿಸಿದರೆ ಇನ್ನೂ ಉತ್ತಮ, ಎರಡು ವಾರಕ್ಕೆ ತೆಗೆದು ಮುಂದಿನ ಮಡಿಗೆ ಹಾಕಬಹುದು.

ಇಷ್ಟು ಕೇಳಿದವರು ಒಂದು ಪ್ರಶ್ನೆ ಎತ್ತುತ್ತಾರೆ, ಅದು ನ್ಯಾಯವಾದದ್ದೇ: ಕೋಳಿ ಅವರದು, ಹಾನಿ ನನಗೆ, ಬಲೆ ಕಟ್ಟುವ ಕೆಲಸವೂ ನನಗೇ ಯಾಕೆ? ತಪ್ಪು ಯಾರದೆಂದು ಕೇಳಿದರೆ ಕೋಳಿಯವರದೇ ಎನ್ನಬೇಕಾದೀತು. ಆದರೆ ಎರಡು ಪರಿಹಾರಗಳ ಬೆಲೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಮಡಿ ಮುಚ್ಚಲು ಬೇಕಾದದ್ದು ಹಿತ್ತಿಲಲ್ಲೇ ಬಿದ್ದ ಮಡಲು, ಹಳೆ ಬಲೆ, ಅರ್ಧ ದಿನದ ಕೆಲಸ. ಕೋಳಿಯನ್ನು ವರ್ಷವಿಡೀ ಕೂಡಿಹಾಕಲು ಬೇಕಾದದ್ದು ಜಾಲರಿಯ ಗೂಡು ಮತ್ತು ದಿನವೂ ಕೊಂಡು ಹಾಕುವ ಕಾಳು. ಊರ ಕೋಳಿ ಸಾಕಿ ನಾಲ್ಕು ಕಾಸು ಉಳಿಯುವುದೇ ಅದು ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳುವುದರಿಂದ. ಕಾಳು ಕೊಂಡು ಹಾಕಿದ ದಿನ ಆ ಲೆಕ್ಕ ಮುಗಿಯುತ್ತದೆ. ಪೇಟೆಯ ಬ್ರಾಯ್ಲರ್ ಎದುರು ಅದು ನಿಲ್ಲದು. ಮಡಿ ಮುಚ್ಚಿದರೆ ತರಕಾರಿಯವಳ ದುಡಿಮೆ ನಿಲ್ಲುವುದಿಲ್ಲ, ಕೋಳಿ ಮುಚ್ಚಿದರೆ ಕೋಳಿಯವಳ ದುಡಿಮೆ ನಿಂತೇ ಹೋಗುತ್ತದೆ. ಆದ್ದರಿಂದಲೇ ಕಾಯಂ ಭಾರ ಮಡಿಯವರ ಮೇಲೆ ಹಗುರಾಗಿ, ಆ ಎರಡು ವಾರದ ಭಾರ ಕೋಳಿಯವರ ಮೇಲೆ ಬಿಗಿಯಾಗಿ ಬೀಳಬೇಕು ಎನ್ನುತ್ತೇನೆ. ಸಡಿಲ ಬಿಟ್ಟರೆ ತಲೆ ಮೇಲೆ ಕೂರುತ್ತಾರೆ ಎಂಬ ಇನ್ನೊಂದು ಮಾತುಂಟು. ಸುದ್ದಿ ಕೊಟ್ಟ ಮೇಲೂ ಮತ್ತೆ ಮತ್ತೆ ಬಿಡುವವರ ವಿಷಯದಲ್ಲಿ ಆ ಮಾತು ನಿಜ. ಅಂಥವರು ಹೋದ ಬೀಜವನ್ನು ತಂದುಕೊಡಲಿ, ಮಡಿ ಮತ್ತೆ ಹದ ಮಾಡಲು ಒಂದು ಹೊತ್ತಿನ ಕೆಲಸಕ್ಕೂ ಬರಲಿ. ದುಡ್ಡಿನ ಪರಿಹಾರಕ್ಕಿಂತ ಇದು ಹೆಚ್ಚು ನಾಟುತ್ತದೆ, ಮತ್ತು ಇದರಿಂದ ಬಾವಿಯ ಹೊತ್ತು ಬದಲಿಸಬೇಕಾಗಿ ಬರುವುದಿಲ್ಲ.

ಮಡಿಯವರ ಪಾಲು ಇನ್ನೊಂದು ಕಾರಣಕ್ಕೂ ಇದೆ: ಪಕ್ಕದ ಕೋಳಿಯಿಂದ ಅವರಿಗೆ ಲಾಭವೂ ಉಂಟು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ಗೊಬ್ಬರದ ಗುಂಡಿಯಲ್ಲಿ. ಹೆಬ್ಬೆರಳು ಗಾತ್ರದ ಅದರ ಬಿಳಿ ಹುಳುಗಳನ್ನು ಗೊಬ್ಬರ ತಿರುವಿ ಹಾಕಿದ ದಿನ ಕೋಳಿಗಳು ಎಷ್ಟು ಚುರುಕಾಗಿ ಆರಿಸುತ್ತವೆ ಎಂದರೆ ಆ ಕೆಲಸಕ್ಕೆ ಔಷಧಿ ಹೊಡೆಯುವವರು ಬೇಡ. ಒರಲೆ ಗೂಡು ಒಡೆದು ಕೊಟ್ಟರೆ ಅದೂ ಖಾಲಿ. ಬೆಳೆ ಮುಗಿದ ಮಡಿಯನ್ನು ಅಗೆಯುವ ಮುಂಚೆ ನಾಲ್ಕು ದಿನ ಕೋಳಿಗೆ ಬಿಟ್ಟುಕೊಟ್ಟವರಿಗೆ ಬಸವನಹುಳು, ಕಂಬಳಿಹುಳು, ಕಳೆಬೀಜದ ಕಾಟ ಮುಂದಿನ ಸಲ ಕಡಿಮೆಯಾದದ್ದು ಗೊತ್ತು. ಇನ್ನು ಕೋಳಿಯನ್ನು ಕರೆಯುವವರು ಎಷ್ಟೋ ಸಲ ನಾವೇ. ಬಾವಿಕಟ್ಟೆಯ ಹತ್ತಿರ ಮೀನು ಕೊಯ್ದು ತಲೆ-ಕರುಳನ್ನು ತೆಂಗಿನ ಬುಡಕ್ಕೆ ಎಸೆಯುವ ಮನೆಗೆ ಮೂರು ಮನೆಯ ಕೋಳಿಗಳು ಹೊತ್ತಿಗೆ ಸರಿಯಾಗಿ ಹಾಜರಾಗುತ್ತವೆ. ಅಲ್ಲಿಂದ ಹರಿವೆ ಮಡಿಗೆ ಹತ್ತು ಹೆಜ್ಜೆ. ಬೀಜ ಹಾಕಿದ ವಾರಗಳಲ್ಲಿ ಆ ಕಸವನ್ನು ಗುಂಡಿಯಲ್ಲಿ ಹೂತು, ಹಿತ್ತಿಲಿನ ಇನ್ನೊಂದು ತುದಿಯಲ್ಲಿ ಬೂದಿ-ಮರಳಿನ ಒಣ ಗುಪ್ಪೆಯೊಂದನ್ನು ಕೋಳಿ ಮಣ್ಣಾಡಲು ಬಿಟ್ಟರೆ ಅರ್ಧ ಜಗಳ ತಾನಾಗಿಯೇ ತಪ್ಪುತ್ತದೆ.

ನನ್ನ ವಾದಕ್ಕೆ ಗಟ್ಟಿ ಆಕ್ಷೇಪ ಬರುವುದು ಬೇರೆ ಕಡೆಯಿಂದ. ಇದೆಲ್ಲ ದೊಡ್ಡ ಹಿತ್ತಿಲಿನ ಕಾಲದ ಮಾತು, ಈಗ ಹಿತ್ತಿಲೆಲ್ಲಿದೆ? 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ ಕಾರ್ಯಾರಂಭ ಮಾಡಿತು. ಈ ನಡುವೆ ಕಾರವಾರ-ಅಂಕೋಲೆ ಕರಾವಳಿಯ ಊರುಗಳು ಎದ್ದುಹೋದವು. ತೆಂಗಿನ ತೋಟ, ಗದ್ದೆ, ಬೆಟ್ಟದ ಅಂಚು ಬಿಟ್ಟು ತೋಡೂರು, ಮುದಗಾ ಕಡೆಯ ಪುನರ್ವಸತಿ ಕಾಲನಿಗಳಿಗೆ ಬಂದವರು ಸಾಮಾನಿನ ಜೊತೆ ಕೋಳಿಯನ್ನೂ ತಂದರು, ಬಸಳೆ ದಂಟನ್ನೂ ತಂದರು; ಅವೆರಡರ ನಡುವೆ ಇದ್ದ ದೂರವನ್ನು ತರಲಾಗಲಿಲ್ಲ. ಹೆದ್ದಾರಿ 66 ಅಗಲವಾದಾಗಲೂ ರಸ್ತೆ ಬದಿಯ ಮನೆಗಳದು ಇದೇ ಕಥೆ. ಗೋಡೆಗೆ ಗೋಡೆ ಹತ್ತಿದ ಕಡೆ ಎಂಟು ದಿನದ ಒಪ್ಪಂದ ಸಾಲದು ಎಂಬುದನ್ನು ನಾನು ಒಪ್ಪುತ್ತೇನೆ. ಅಲ್ಲಿ ಕೇಳಬೇಕಾದ ಪ್ರಶ್ನೆ: ಈ ಕೋಳಿ ಯಾರ ನೆಲದಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಿದೆ? ಅರ್ಧದಷ್ಟಾದರೂ ತನ್ನ ಮನೆಯ ಅಂಗಳ, ಕೊಟ್ಟಿಗೆ, ಎಲ್ಲರಿಗೂ ಸೇರಿದ ಬಯಲಿನಲ್ಲಿ ಮೇಯುತ್ತಿದ್ದರೆ ಹಳೆಯ ಪದ್ಧತಿ ನಡೆಯುತ್ತದೆ. ಪೂರ್ತಿ ಪಕ್ಕದವರ ನೆಲದ ಮೇಲೆಯೇ ಬದುಕುತ್ತಿದ್ದರೆ ಅದನ್ನು ಸಾಕುತ್ತಿರುವವರು ಪಕ್ಕದವರು, ಮೊಟ್ಟೆ ತೆಗೆಯುತ್ತಿರುವವರು ಮಾತ್ರ ಬೇರೆ. ಅಂಥ ಕಡೆ ಕೋಳಿಯ ಸಂಖ್ಯೆ ಇಳಿಸುವುದು, ಸಂಜೆ ಎರಡು ಗಂಟೆ ಮಾತ್ರ ಬಿಡುವುದು ಕೋಳಿಯವರ ಮೇಲೆ ಬೀಳುವ ಹೊಣೆ. ಹಾರಲಾರದ ತಳಿ ಸಾಕುವುದೂ ಒಂದು ದಾರಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಟ್ಟ ಗಿರಿರಾಜ ಮೈಭಾರದ ಕೋಳಿ, ಸೊಂಟದೆತ್ತರದ ಬಲೆಯೂ ಅದಕ್ಕೆ ಸಾಕು. ಹಾರಲಾರದ್ದು ಮುಂಗುಸಿಗೂ ಬೇಗ ಸಿಗುತ್ತದೆ ಎಂಬುದು ಅದನ್ನು ಸಾಕಿದವರ ಗೊಣಗಾಟ. ಒಂದು ಬದಿಯ ರೆಕ್ಕೆಯ ಗರಿ ಕತ್ತರಿಸಲು ಊರ ಕೋಳಿಯವರು ಒಪ್ಪದಿರುವುದೂ ಇದೇ ಕಾರಣಕ್ಕೆ.

ಊರ ಕೋಳಿಯ ಕಾಲವೇ ಮುಗಿಯಿತು, ಇಷ್ಟು ಚರ್ಚೆ ಯಾಕೆ ಎನ್ನುವವರಿಗೆ 2019ರ ಜಾನುವಾರು ಗಣತಿ ನೋಡಿ ಎನ್ನಬೇಕು. ದೇಶದ ಸುಮಾರು 85 ಕೋಟಿ ಕೋಳಿ-ಬಾತುಗಳಲ್ಲಿ ಸುಮಾರು 31.7 ಕೋಟಿ ಹಿತ್ತಿಲಿನಲ್ಲಿ ಸಾಕಿದವು, ಹಿಂದಿನ ಗಣತಿಗಿಂತ ಸುಮಾರು ಶೇ. 46ರಷ್ಟು ಹೆಚ್ಚು. ನಾಟಿ ಮೊಟ್ಟೆಗೆ ಪೇಟೆಯಲ್ಲಿ ಬೆಲೆ ಬಂದಷ್ಟೂ ಬೇಲಿ ಹಾರುವ ಕೋಳಿಗಳೂ ಹೆಚ್ಚುತ್ತವೆ. ರೋಗದ ಮಾತು ಬೇರೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ನಮ್ಮದೇ ಹೆಸರಘಟ್ಟದಲ್ಲಿ ಹಕ್ಕಿಜ್ವರ ಬಂದಾಗಿನಂತೆ ಸುತ್ತಲಿನಲ್ಲಿ ಸೋಂಕಿದ್ದರೆ ಯಾರ ಹಕ್ಕಿಯೂ ಹೊರಗೆ ಬರಬಾರದು, ಅದಕ್ಕೆ ಪಶುವೈದ್ಯರ ಮಾತೇ ಕೊನೆ. ಕೊಕ್ಕರೆ ರೋಗಕ್ಕಂತೂ ಲಸಿಕೆಯೇ ಇದೆ. ಎರಡು ಮನೆಯ ಕೋಳಿಗೆ ಒಂದೇ ದಿನ ಹಾಕಿಸಿದರೆ ಒಂದೇ ಸೀಸೆಯಲ್ಲಿ ಮುಗಿಯುತ್ತದೆ.

ಈ ಒಪ್ಪಂದ ಎಲ್ಲಿ ಕೈಕೊಡುತ್ತದೆ ಎಂಬುದೂ ಈಗ ಕಾಣತೊಡಗಿದೆ. ಕರಾವಳಿಯ ತೋಟಗಳಿಗೆ ಇತ್ತೀಚಿನ ವರ್ಷಗಳಲ್ಲಿ ನವಿಲು ಇಳಿಯುತ್ತಿದೆ. ಕೋಳಿಯ ಕುಲದ್ದೇ ಹಕ್ಕಿ, ಕೆದರುವುದೂ ಹಾಗೆಯೇ, ಕುಕ್ಕುವುದು ಇನ್ನೂ ಹೆಚ್ಚು. ಶೇಂಗಾ ಮೊಳಕೆಯನ್ನು ಸಾಲು ಹಿಡಿದು ಕೀಳುತ್ತದೆ. 1972ರ ವನ್ಯಜೀವಿ ಕಾಯಿದೆಯ ಮೊದಲ ಪರಿಚ್ಛೇದದಲ್ಲಿ ಅದರ ಹೆಸರಿದೆ, ಮುಟ್ಟುವ ಹಾಗಿಲ್ಲ. ಜೋಲುವ ಬಲೆಗೆ ಅದು ಸೊಪ್ಪು ಹಾಕುವುದಿಲ್ಲ, ಮರದಿಂದ ನೇರವಾಗಿ ಮಡಿಯ ನಡುವೆಯೇ ಇಳಿಯುತ್ತದೆ. ಬೇಲಿಯಾಚೆ ನಿಂತು ಎಂಟು ದಿನ ಕೂಡಿಹಾಕು ಎಂದು ಹೇಳೋಣವೆಂದರೆ ಆ ಕಡೆ ಅಕ್ಕ ಯಾರೂ ಇಲ್ಲ. ಸದ್ಯಕ್ಕೆ ತೋಟದವರು ಮಾಡುತ್ತಿರುವುದು ಮಡಿಗಳನ್ನು ಮನೆಯ ಬಾಗಿಲಿಗೆ ಹತ್ತಿರ ತಂದು, ಬಿದಿರ ಸೀಳಿನ ಮೇಲೆ ಪೂರ್ತಿ ಬಲೆ ಹೊದಿಸುವುದು. ಅದನ್ನು ಹೊದಿಸಿದಲ್ಲಿ ಪಕ್ಕದ ಮನೆಯ ಕೋಳಿಯ ಪ್ರಶ್ನೆಯೂ ಏಳುವುದಿಲ್ಲ. ಬಲೆಯ ಖರ್ಚನ್ನು ಎರಡು ಮನೆಯವರು ಹಂಚಿಕೊಳ್ಳಬೇಕೋ ಬೇಡವೋ ಎಂಬ ಹೊಸ ತಕರಾರು ಮಾತ್ರ ಅಲ್ಲಲ್ಲಿ ಶುರುವಾಗಿದೆ.